ಎರಡೂ ಕಡೆಯ ಹಿರಿಯರು

ಮುದುಕನಾಗಲು ಅವಸರ ಮಾಡಿದ ಒಬ್ಬನೇ ಒಬ್ಬ ಮನುಷ್ಯನನ್ನು ನಾನು ಕಂಡಿದ್ದೇನೆ. ಅವರು ನಮ್ಮ ಓಣಿಯ ಸಾಯಬಣ್ಣ ಕಾಕಾ. ಶಹಾಪುರದ ಸಂತೆ ಬೀದಿಯಲ್ಲಿ ಹಗ್ಗ, ಕಣ್ಣಿ, ಮೂಗುದಾಣದ ಅಂಗಡಿ ಇಟ್ಟಿದ್ದ ಅವರಿಗೆ ನಲವತ್ತು ತುಂಬುವ ಮೊದಲೇ ತಲೆ ಪೂರ್ತಿ ಬೆಳ್ಳಗಾಯಿತು. ಬೇರೆ ಯಾರಿಗಾದರೂ ಹಾಗಾಗಿದ್ದರೆ ಔಷಧದ ಅಂಗಡಿಗೆ ಓಡುತ್ತಿದ್ದರು. ಕಾಕಾ ಬಟ್ಟೆ ಅಂಗಡಿಗೆ ಹೋಗಿ ರುಮಾಲು ತಂದರು. ಪ್ಯಾಂಟು ಬಿಟ್ಟು ಧೋತರ ಉಟ್ಟರು. ಕೈಗೊಂದು ಬಡಿಗೆ ಬಂತು. ಅದು ಊರಿಕೊಳ್ಳಲು ಅಲ್ಲ, ಮಾತಿನ ನಡುವೆ ನೆಲಕ್ಕೆ ಕುಟ್ಟಲು. ಓರಗೆಯವರು ಇನ್ನೂ ಸಂಜೆಗೆ ವಾಲಿಬಾಲ್ ಆಡುತ್ತಿದ್ದ ಕಾಲದಲ್ಲಿ ಇವರು ಗಂಭೀರವಾಗಿ ಕೆಮ್ಮುವುದನ್ನು ಅಭ್ಯಾಸ ಮಾಡಿಕೊಂಡರು.

"ಬಾಕಿ ಎಲ್ಲಾ ಹುದ್ದೆಕ್ಕ ಓದಬೇಕು, ಓಡ್ಯಾಡಬೇಕು, ಸಾಹೇಬರ ಕೈಕಾಲು ಹಿಡೀಬೇಕು," ಎನ್ನುತ್ತಿದ್ದರು. "ಮುದುಕ ಆಗಾಕ ಏನೂ ಬೇಕಿಲ್ಲ ತಮ್ಮಾ, ಜೀವಂತ ಇದ್ರ ಆತು. ಇಂಥಾ ಸಸ್ತಾ ಪ್ರಮೋಷನ್ ಎಲ್ಲಿ ಸಿಗತದ ಹೇಳು."

ಈ ಬಡ್ತಿಯನ್ನು ಅವರು ಸುಮ್ಮನೆ ಪಡೆದವರಲ್ಲ. ಅದಕ್ಕೆ ತಕ್ಕ ಕೆಲಸವನ್ನೂ ಮಾಡಿದರು.

ನಮ್ಮ ಕಡೆ ಮದುವೆಯ ಮಾತುಕತೆಗೆ ಒಂದು ಶಿಸ್ತು ಉಂಟು. ಪಡಸಾಲೆಯಲ್ಲಿ ಜಮಖಾನ ಹಾಸುತ್ತಾರೆ. ಬೀದಿ ಬಾಗಿಲ ಕಡೆಯ ಗೋಡೆಗೆ ಗಂಡಿನವರು ಬೆನ್ನು ಕೊಟ್ಟು ಕೂರುತ್ತಾರೆ, ಅಡಿಗೆಮನೆ ಕಡೆಯ ಗೋಡೆಗೆ ಹೆಣ್ಣಿನವರು. ನಡುವೆ ಎಲೆ ಅಡಿಕೆಯ ತಾಟು. ಎರಡೂ ಸಾಲಿನ ಮುಂದೆ ಒಬ್ಬೊಬ್ಬ ಹಿರಿಯರು ಇರಲೇಬೇಕು. ಅಪ್ಪ ಅವ್ವ ಇದ್ದರೂ ಅವರು ಮಾತಾಡುವಂತಿಲ್ಲ. ಅವರದು ಬರೀ ನಿಟ್ಟುಸಿರಿನ ಇಲಾಖೆ. ಒಂದು ಸಾಲಿಗೆ ಹಿರಿಯರೇ ಇಲ್ಲದಿದ್ದರೆ ಎದುರಿನವರು ಮುಖ ಮುಖ ನೋಡಿಕೊಳ್ಳುತ್ತಾರೆ. ಈ ಮಂದಿಗೆ ಹಿಂದೆ ಮುಂದೆ ಯಾರೂ ಇಲ್ಲವೇನು ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ, ಆದರೆ ಚಹಾ ಅಷ್ಟರಲ್ಲಿ ತಣ್ಣಗಾಗಿರುತ್ತದೆ.

ಶಹಾಪುರದಲ್ಲಾದರೋ ಹಿಂದೆ ಮುಂದೆ ಯಾರೂ ಇಲ್ಲದವರು ಬೇಕಾದಷ್ಟು ಜನ. ಬಸ್ ಡ್ರೈವರ್‌ಗಳು, ನರ್ಸಮ್ಮಗಳು, ಕಾಲುವೆ ಆಫೀಸಿನ ಗುಮಾಸ್ತರು, ಎಲ್ಲಿಂದಲೋ ವರ್ಗವಾಗಿ ಬಂದು ಇಲ್ಲೇ ಬೇರು ಬಿಟ್ಟವರು. ಅವರ ಹಿರಿಯರು ಸತ್ತಿರುತ್ತಿದ್ದರು, ಇಲ್ಲವೆ ಹೊಲದ ಬದುವಿನ ಜಗಳದಲ್ಲಿ ಮಾತು ಬಿಟ್ಟಿರುತ್ತಿದ್ದರು. ಅಂಥವರಿಗೆಲ್ಲ ಸಾಯಬಣ್ಣ ಕಾಕಾ ಎರವಲು ಹಿರಿಯರು. ಒಂದು ರೂಪಾಯಿ ಮುಟ್ಟುತ್ತಿರಲಿಲ್ಲ. ಆದರೆ ಕರೆಯುವುದನ್ನು ಮಾತ್ರ ಕ್ರಮಪ್ರಕಾರ ಕರೆಯಬೇಕು. ಮನೆಗೆ ಬರಬೇಕು, ಎಲೆ ಅಡಿಕೆ ಕೈಗೆ ಕೊಡಬೇಕು, ಅವರ ಹೆಂಡತಿ ನಿಂಗಮ್ಮ ಕಾಕಿಗೆ ಕೇಳುವಂತೆ ಗಟ್ಟಿಯಾಗಿ "ನಮ್ಮ ಹಿರ್ಯಾರಾಗಿ ಬರಬೇಕ್ರಿ" ಅನ್ನಬೇಕು. ಮೂರನೆಯ ನಿಯಮವೇ ಮುಖ್ಯವೆಂದು ನನ್ನ ಅಂದಾಜು.

ಕಾಕಿ ಒಲೆಯ ಮುಂದಿನಿಂದಲೇ ಉತ್ತರ ಕೊಡುತ್ತಿದ್ದಳು. "ಉಪ್ಪು ತರ್ರಿ ಅಂದ್ರ ಸಕ್ರಿ ತರೂ ಮನಷ್ಯಾ ಇವ್ರು. ಇವ್ರನ ಕರಕೊಂಡ ಹೋಗಿ ಅದೇನ್ ತೀರ್ಮಾನ ಮಾಡಸ್ತೀರೋ, ನಿಮ್ಮ ನಸೀಬ."

ಪಕ್ಕದ ಮನೆಯ ನಾನು ಆಗ ಹೊಸದಾಗಿ ಗುಮಾಸ್ತಿಕೆಗೆ ಸೇರಿದವನು. ರಜೆಯ ದಿನ ಕಾಕಾ ನನ್ನನ್ನೂ ಜೊತೆಗೆ ಕರೆದೊಯ್ಯುತ್ತಿದ್ದರು. ನನ್ನ ಹುದ್ದೆ ಛತ್ರಿ ಹಿಡಿಯುವುದು. ಅವರ ವಿದ್ಯೆಯೆಲ್ಲ ನೀರಿನಲ್ಲಿದೆ ಎಂಬುದನ್ನು ಹಾಗೆ ನೋಡಿ ನೋಡಿ ತಿಳಿದುಕೊಂಡೆ. ಮಾತು ಬಿಸಿಯಾಯಿತು, ಇನ್ನೊಂದು ಶಬ್ದ ಬಿದ್ದರೆ ಯಾರಾದರೂ ಚಪ್ಪಲಿ ಹುಡುಕುತ್ತಾರೆ ಅನ್ನುವ ಹೊತ್ತಿಗೆ ಕಾಕಾ ಬಡಿಗೆ ಕುಟ್ಟಿ, "ಯವ್ವಾ, ಒಂದ್ ತಂಬಿಗಿ ನೀರ್ ತಾ," ಎನ್ನುತ್ತಿದ್ದರು. ನೀರು ಬರುವತನಕ ಎಲ್ಲರೂ ಸುಮ್ಮನಿರಬೇಕು. ಬಂದ ಮೇಲೆ ಅವರು ತಂಬಿಗೆ ಎತ್ತಿ, ಗಂಟಲು ಗಟಗಟ ಅನ್ನಿಸಿ, ನಡುವೆ ಉಸಿರು ತೆಗೆದು, ಮೀಸೆ ಒರೆಸಿ, ಮತ್ತೆ ಎತ್ತಿ ಕುಡಿಯುತ್ತಿದ್ದರು. ಮುದುಕ ನೀರು ಕುಡಿಯುವಾಗ ಜಗಳ ಆಡುವಷ್ಟು ಧೈರ್ಯ ನಮ್ಮ ಸೀಮೆಯಲ್ಲಿ ಇನ್ನೂ ಯಾರಿಗೂ ಬಂದಿಲ್ಲ. ತಂಬಿಗೆ ಕೆಳಗಿಡುವಷ್ಟರಲ್ಲಿ ಸಿಟ್ಟಿನವನಿಗೆ ತಾನು ಎಲ್ಲಿ ನಿಲ್ಲಿಸಿದ್ದೆ ಎಂಬುದೇ ಮರೆತಿರುತ್ತಿತ್ತು.

ಮದುವೆಯಾದ ಮೇಲೂ ಅವರು ಬಿಡುತ್ತಿರಲಿಲ್ಲ. ವರ್ಷದೊಳಗೆ ಆ ಮನೆಯ ಬಾಗಿಲಿಗೆ ಹೋಗಿ, "ಈ ಕಡಿ ಬಂದಿದ್ದೆ, ಚಾ ಕುಡದ ಹೋದ್ರಾತು ಅಂತ," ಎಂದು ಕೂರುತ್ತಿದ್ದರು. ಚಹಾ ತಂದ ಹುಡುಗಿಯ ಮುಖ ನೋಡುತ್ತಿದ್ದರು, ಗ್ಲಾಸು ನೋಡುತ್ತಿರಲಿಲ್ಲ.

ಈ ಹಿರಿತನದ ಮೂಲ ಶಿರವಾಳದಲ್ಲಿತ್ತು. ತಂದೆತಾಯಿಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡಿದ್ದ ಕಾಕಾ ತಮ್ಮ ಮದುವೆಯ ಮಾತಿಗೆ ಒಬ್ಬ ಗೆಳೆಯನನ್ನು ಕಟ್ಟಿಕೊಂಡು ಆ ಊರಿಗೆ ಹೋಗಿದ್ದರು. ಹುಡುಗಿಯ ಕಡೆ ಗೋಡೆ ತುಂಬ ಹಿರಿಯರು. ಈ ಕಡೆಯ ಗೋಡೆಗೆ ಇಬ್ಬರು ಹುಡುಗರು ಮತ್ತು ಒಂದು ಕ್ಯಾಲೆಂಡರು. "ನಿಮ್ಮ ಕಡಿಂದ ಮಾತಾಡೂರು ಯಾರು?" ಎಂದು ಕೇಳಿದಾಗ ಕಾಕಾ ಕ್ಯಾಲೆಂಡರಿನ ಕಡೆ ನೋಡಿದರಂತೆ. ಆ ಮನೆಯ ಅಂಗಳದಲ್ಲಿ ಗಾದಿ ತುಂಬಲು ಬಂದ ಹುಸೇನಸಾಬ್ ಎಂಬ ಮುದುಕ ಹತ್ತಿ ಹಿಂಜುತ್ತಿದ್ದ. ಅವನು ಎದ್ದು, ಗಡ್ಡಕ್ಕಂಟಿದ ಹತ್ತಿ ಕೊಡವಿಕೊಂಡು, ಒಳಗೆ ಬಂದು ಕಾಕಾನ ಪಕ್ಕ ಕೂತ. "ಪೊಟ್ಟಾ ಹಮಾರಾಚ್ ಹೈ," ಎಂದು ತನ್ನ ಮಾತಿನಲ್ಲಿ ಒಮ್ಮೆ ಹೇಳಿ, ಆಮೇಲೆ ಎಲ್ಲರಿಗೂ ತಿಳಿಯುವಂತೆ, "ಹುಡಗ ನಮ್ಮಾವ ಅದಾನ. ಏನ್ ಕೇಳೂದದ ನನಗ ಕೇಳ್ರಿ," ಎಂದ. ಅವನು ಅದಕ್ಕೆ ಮೊದಲು ಕಾಕಾನ ಮುಖವನ್ನೇ ಕಂಡಿರಲಿಲ್ಲ. ಹುಡುಗನ ಹೆಸರೇನು ಎಂದು ಕೇಳಿದ್ದಕ್ಕೆ, "ಅವನ ಹೆಸರು ಅವನ ಬಾಯಿಲೇ ಕೇಳ್ರಿ, ದನಿ ಹೆಂಗದ ಗೊತ್ತಾಗತದ," ಅಂದನಂತೆ. ಕಾಕಿ ಆ ಮನೆಯ ಹುಡುಗಿ. ಬಾಗಿಲ ಸಂದಿಯಿಂದ ಅವಳು ಎಲ್ಲ ನೋಡಿದ್ದಳು.

"ಆವತ್ತ ಆ ಮುದುಕ ಕೂಡಲಿಲ್ಲಂದ್ರ ನಾ ಇನ್ನಾ ಕ್ಯಾಲೆಂಡರ್ ನೋಡಕೋತ ಕುಂತಿರತಿದ್ದೆ," ಎಂದು ಕಾಕಾ ಹೇಳುತ್ತಿದ್ದರು. ಆವತ್ತಿನಿಂದಲೇ ಅವರಿಗೆ ಮುದುಕನಾಗುವ ಹಂಬಲ ಹತ್ತಿದ್ದಿರಬೇಕು.

ಗೋಗಿಯ ಪ್ರಸಂಗವನ್ನು ಹೇಳದೆ ಮುಂದೆ ಹೋದರೆ ಈ ಚಿತ್ರ ಅರ್ಧವಾಗುತ್ತದೆ. ಅಲ್ಲಿನ ಒಂದು ಮಾತುಕತೆಗೆ ಗಂಡಿನವರೂ ಬಂದು ಎಲೆ ಅಡಿಕೆ ಕೊಟ್ಟಿದ್ದರು, ಹೆಣ್ಣಿನವರೂ ಕೊಟ್ಟಿದ್ದರು. ಅದು ಒಂದೇ ಮಾತುಕತೆ ಎಂಬುದು ಕಾಕಾನ ತಲೆಗೆ ಹೋಗಿರಲಿಲ್ಲ. ಉಪ್ಪು ಸಕ್ಕರೆಯ ವಿಷಯದಲ್ಲಿ ಕಾಕಿ ಹೇಳುತ್ತಿದ್ದುದು ಇದನ್ನೇ. ಬಾಗಿಲಲ್ಲೇ ಎಳೆದಾಟ ಶುರುವಾಯಿತು. "ಕಾಕಾ ನಮ್ಮ ಕಡಿಯವ್ರು," ಅಂತ ಇವರು, "ಹೆಂಗಾಗತದ್ರಿ, ಮೊದಲ ಕರದಾವ್ರು ನಾವು," ಅಂತ ಅವರು. ಮದುವೆಗೆ ಮೊದಲೇ ಬೀಗರು ಕೈಕೈ ಮಿಲಾಯಿಸುವ ಲಕ್ಷಣ. ಕಾಕಾ ಮೊದಲು ಗಂಡಿನ ಗೋಡೆಗೆ ಕೂತು, "ಮದಿವಿ ನಮ್ಮೂರಾಗ ಆಗಬೇಕು," ಅಂದರು. ಆಮೇಲೆ ಮೊಣಕಾಲು ಲಟಕ್ಕೆನಿಸಿ ಎದ್ದು, ಜಮಖಾನ ದಾಟಿ ಹೆಣ್ಣಿನ ಗೋಡೆಗೆ ಕೂತು, ರುಮಾಲು ಸರಿಮಾಡಿಕೊಂಡು, "ಹಂಗ ಆಗಂಗಿಲ್ರಿ, ಹೆಣ್ಣಿನ ಮನಿ ಮುಂದ ಹಂದರ ಬೀಳಬೇಕು," ಅಂದರು. ಹೀಗೆ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ. ಒಂದು ಹಂತದಲ್ಲಿ ತಮ್ಮದೇ ಮಾತಿಗೆ ಸಿಟ್ಟು ಬಂದು ಎದ್ದು ಹೊರಟೂ ಬಿಟ್ಟರು. ಎರಡೂ ಕಡೆಯವರು ಕೂಡಿ ಅವರನ್ನು ಸಮಾಧಾನಪಡಿಸಿದರು. ಕೂಡಿದ್ದಕ್ಕೆ ನಗು ಬಂತು, ನಗು ಬಂದದ್ದಕ್ಕೆ ಸಂಬಂಧ ಕುದುರಿತು.

ಹೀಗೆ ವರ್ಷಾನುಗಟ್ಟಲೆ ಮುಪ್ಪಿನ ಅಭಿನಯ ಮಾಡಿದ ಮೇಲೆ ನಿಜವಾದ ಮುಪ್ಪು ಬಂತು. ಕಾಕಾ ಅದನ್ನು ತಡವಾಗಿ ಬಂದ ನೌಕರನನ್ನು ನೋಡುವಂತೆ ನೋಡಿದರು. ಕಾಕಿ ತೀರಿಕೊಂಡಳು. ಕಿವಿ ಮಂದವಾಯಿತು. ಕುಟ್ಟಲು ತಂದ ಬಡಿಗೆ ಊರಿಕೊಳ್ಳಲು ಬೇಕಾಯಿತು.

ಕಾಕಾನ ಇಬ್ಬರು ಮಕ್ಕಳ ಬಗ್ಗೆ ಕೆಟ್ಟ ಮಾತಾಡಿದರೆ ನನ್ನ ನಾಲಿಗೆಗೆ ಹುಳ ಬಿದ್ದೀತು. ದೊಡ್ಡವ ಮಲ್ಲಣ್ಣ ಹಗ್ಗದ ಅಂಗಡಿಯನ್ನು ಹಾರ್ಡ್‌ವೇರ್ ಅಂಗಡಿ ಮಾಡಿದ್ದ. ಸಣ್ಣವ ಅಂಬ್ರೇಶ ಅವನ ಜೊತೆಗೇ ಇದ್ದ. ಇಬ್ಬರೂ ಅಪ್ಪನನ್ನು ಎಷ್ಟು ಚೆನ್ನಾಗಿ ನೋಡಿಕೊಂಡರೆಂದರೆ ಅವರಿಗೆ ಅಲುಗಾಡಲು ಜಾಗವಿರಲಿಲ್ಲ. ಮೆತ್ತನೆಯ ಮಂಚ, ಹೊತ್ತು ಹೊತ್ತಿಗೆ ಗುಳಿಗೆ, ಬಿಸಿ ನೀರು, ಮಂಚದೆದುರು ಟಿವಿ. ಬೇಳೆಯಲ್ಲಿ ಮೆತ್ತಗೆ ಕಲಸಿದ ರೊಟ್ಟಿಯನ್ನು ಸೊಸೆ ಕೈಗೇ ತಂದುಕೊಡುತ್ತಿದ್ದಳು. ಮನೆಯಲ್ಲಿ ಏನು ಮಾತು ಬಂದರೂ ಕಾಕಾ ತಲೆ ಎತ್ತುವಷ್ಟರಲ್ಲಿ ಮಕ್ಕಳು, "ನೀ ಆರಾಮ ಇರಪಾ," ಎನ್ನುತ್ತಿದ್ದರು. ಒಂದು ಸಂಗತಿಯೂ ನಡೆದಿತ್ತು. ಅಂಬ್ರೇಶನ ಹೆಂಡತಿಯ ತಮ್ಮನ ಮಾತುಕತೆಯಲ್ಲಿ ಕಾಕಾ ಮದುವಣಿಗನನ್ನು ಅವನ ಅಣ್ಣನ ಹೆಸರು ಹಿಡಿದು ಕರೆದು, ಕೇಳಿದ ಪ್ರಶ್ನೆಯನ್ನೇ ಮತ್ತೊಮ್ಮೆ ಕೇಳಿಬಿಟ್ಟಿದ್ದರು. ಯಾರೋ ನಕ್ಕರು. ಮಕ್ಕಳಿಗೆ ಅದು ಚುಚ್ಚಿತು. ಅಪ್ಪನನ್ನು ನಗೆಪಾಟಲಿಗೆ ಕೊಡಬಾರದೆಂದು ಅವರು ಪ್ರೀತಿಯಿಂದಲೇ ಅವರನ್ನು ಮಂಚದ ಮೇಲೆ ಭದ್ರ ಮಾಡಿದರು.

"ಆರಾಮ ಅನ್ನೂದು ನಿದ್ದಿ ಬಂದಾಗ ಮಾಡೂ ಕೆಲಸ," ಎಂದರು ಕಾಕಾ ನನ್ನ ಹತ್ತಿರ. "ದಿನಾ ಪೂರ್ತಿ ಮಾಡಂದ್ರ ಹೆಂಗ ಮಾಡ್ಲಿ?" ಆಮೇಲೆ ನನ್ನ ತಲೆಯನ್ನು ದಿಟ್ಟಿಸಿದರು. ನಾನು ಹಿಂದಿನ ದಿನವಷ್ಟೇ ಕಪ್ಪು ಹಚ್ಚಿಕೊಂಡಿದ್ದೆ. "ನಿನಗೇನ್ ಆಗ್ಯಾದೋ? ಬಂದ ಹುದ್ದೆಕ್ಕ ಮಸಿ ಬಡಕೊಂಡಿ."

ಆಗಲೇ ಮೊಮ್ಮಗಳು ಸಂಗೀತಾಳ ಸಂಬಂಧದ ಮಾತು ಬಂತು. ಮಲ್ಲಣ್ಣನ ಮಗಳು, ಯಾದಗಿರಿಯಲ್ಲಿ ನರ್ಸು. ಹುಡುಗ ಸುರಪುರದವನು, ಶಾಲೆಯ ಮಾಸ್ತರ. ಫೋಟೊಗಳು ಫೋನಿನಲ್ಲೇ ಹೋಗಿ ಬಂದಿದ್ದವು. ಹುಡುಗನೂ ಹುಡುಗಿಯೂ ಯಾದಗಿರಿಯಲ್ಲಿ ಚಹಾ ಕುಡಿದು ಒಪ್ಪಿದ್ದರು. ಉಳಿದದ್ದು ಕ್ರಮಪ್ರಕಾರ ಕೂಡುವುದೊಂದೇ. "ಮುತ್ಯಾನ ಕುಂದ್ರಸ್ತೀರಿಲ್ಲೋ?" ಎಂದು ಸಂಗೀತಾ ಅಜ್ಜನ ಪರವಾಗಿ ಕೇಳಿದ್ದಕ್ಕೆ ಮಲ್ಲಣ್ಣ, "ಮುತ್ಯಾಗ ತ್ರಾಸ ಯಾಕವಾ? ನಾವ ಇಬ್ರೂ ಅದೀವಲ್ಲ," ಎಂದನಂತೆ.

ಕಾಕಾ ಇದನ್ನು ನನಗೆ ಹೇಳಿದ್ದು ಮಾತುಕತೆಯ ದಿನ ಬೆಳಿಗ್ಗೆ, ಬಸ್ ನಿಲ್ದಾಣದ ಚಹಾದಂಗಡಿಯ ಬೆಂಚಿನ ಮೇಲೆ. ಮನೆಯಲ್ಲಿ ಜಮಖಾನ ಹಾಸುವುದನ್ನು ಮಂಚದ ಮೇಲಿನಿಂದ ನೋಡಲಾರದೆ, ಹೊಸ ರುಮಾಲು ಸುತ್ತಿಕೊಂಡು, ಹಿತ್ತಲ ಬಾಗಿಲಿನಿಂದ ಹೊರಟು ಬಂದಿದ್ದರು.

"ಊರ ಮಕ್ಕಳಿಗೆಲ್ಲಾ ಕುಂತೆ ತಮ್ಮಾ," ಎಂದರು. "ನನ್ನ ಮನ್ಯಾಗಿನ ಕೂಸಿಗೆ ಕುಂದ್ರಲಿಲ್ಲಂದ್ರ, ಇಷ್ಟ ದಿನ ಕುಂತಿದ್ದೆಲ್ಲಾ ಸುಳ್ಳಾತು."

ಅವರ ಬಾಯಲ್ಲಿ ಅಂಥ ಮಾತು ಕೇಳಿದ್ದು ಅದೇ ಮೊದಲು. ನಾನು ಇನ್ನೊಂದು ಚಹಾ ಹೇಳಿದೆ.

ಆ ಹೊತ್ತಿಗೆ ಸುರಪುರದ ಬಸ್ಸಿನಿಂದ ಒಬ್ಬ ಹೆಂಗಸು, ಇಸ್ತ್ರಿ ಅಂಗಿಯ ಒಬ್ಬ ಹುಡುಗ, ಅವನ ತಂಗಿ ಇಳಿದರು. ಹೆಂಗಸು ಚಹಾದಂಗಡಿಯವನ ಹತ್ತಿರ ಬಂದಳು. "ಅಣ್ಣಾ, ಒಂದ್ ಮಾತ್ ಕೇಳ್ಲೇನ್ರಿ? ಮಗನ ಮಾತುಕತಿಗೆ ಬಂದೀವಿ. ನಮ್ಮ ಸೋದರಮಾವ ಬರಾವಿದ್ದಾ, ಮುಂಜಾನಿ ಜ್ವರಾ ಬಂದು ಮಲಗ್ಯಾನ. ಗಂಡ ಇಲ್ಲ, ಮೈದುನರು ಮಾತಾಡಂಗಿಲ್ಲ. ಖಾಲಿ ಗೋಡಿಗೆ ಹೆಂಗ ಕುಂದ್ರೂದ್ರಿ? ನಿಮ್ಮೂರಾಗ ಯಾರರ ಹಿರ್ಯಾರು…"

ಅಂಗಡಿಯವನು ಹಾಲಿನ ಸೌಟನ್ನು ನಮ್ಮ ಬೆಂಚಿನ ಕಡೆ ತೋರಿಸಿದ.

ಆಕೆಯ ಹೆಸರು ದೇವಮ್ಮ. ಕಾಕಾನ ಮುಂದೆ ಬಂದು ಎಲ್ಲ ಮತ್ತೊಮ್ಮೆ ಹೇಳಿದಳು, ಗಟ್ಟಿಯಾಗಿ. "ಯಾರ ಮನಿಗವಾ?" ಎಂದರು ಕಾಕಾ.

"ಹಾರ್ಡ್‌ವೇರ್ ಮಲ್ಲಣ್ಣೋರ ಮನಿಗ್ರಿ."

ನಾನು ಬಾಯಿ ತೆರೆದೆ. ಕಾಕಾನ ಮೊಣಕೈ ನನ್ನ ಪಕ್ಕೆಗೆ ಬಂತು. ಅವರು ಅಂಗಡಿಯವನ ಹತ್ತಿರ ನೀರು ಕೇಳಿದರು. ಗಟಗಟ ಕುಡಿದರು, ಉಸಿರು ತೆಗೆದರು, ಮೀಸೆ ಒರೆಸಿದರು. ಗ್ಲಾಸು ಕೆಳಗಿಡುವಾಗ ಮುಖದಲ್ಲಿ ಗೋಗಿಯ ದಿನದ ಕಳೆ ಇತ್ತು.

"ಎಲಿ ಅಡಕಿ ಕೊಡು. ನಡೀರಿ," ಎಂದರು. ದಾರಿಯಲ್ಲಿ ದೇವಮ್ಮನಿಗೆ ತಿಳಿಸಿ ಹೇಳಿದರು. "ಆ ಮನಿ ನನಗ ಗೊತ್ತದ. ಮಂದಿ ಬಾಳ ಚೊಲೋರು. ಹುಡಗಿ ಬಂಗಾರ. ಒಂದ ಕೊರತಿ, ಹಿರ್ಯಾರನ ಮಾತಿನ್ಯಾಗ ಕುಂದ್ರಸೂದು ಮರ್ತಾರ. ಅದನ್ನ ನಾ ನೋಡ್ಕೋತೀನಿ."

ಮಲ್ಲಣ್ಣ ಬಾಗಿಲಲ್ಲಿ ಕೈಮುಗಿದು ನಿಂತಿದ್ದ. ಬೀಗರ ಮುಂದಾಳಾಗಿ ಬರುತ್ತಿದ್ದವರನ್ನು ನೋಡಿ ಮುಗಿದ ಕೈ ಹಾಗೇ ಉಳಿಯಿತು. "ಎಪ್ಪಾ, ಎಲ್ಲಿ ಹೋಗಿದ್ದಿ? ಗುಳಿಗಿ ತಗೊಂಡಿಲ್ಲ. ಒಳಗ ನಡಿ."

"ಯಜಮಾನ್ರ," ಎಂದರು ಕಾಕಾ, "ಸುರಪುರದಿಂದ ಬಂದೀವಿ. ಮೊದಲ ಕಾಲಿಗೆ ನೀರ್ ಕೊಡ್ರಿ."

ದೇವಮ್ಮ ಒಮ್ಮೆ ಅಪ್ಪನನ್ನು, ಒಮ್ಮೆ ಮಗನನ್ನು ನೋಡಿದಳು. ತಿಳಿಯಿತೆಂದು ಕಾಣುತ್ತದೆ. ಸೆರಗು ಬಾಯಿಗೆ ಹಿಡಿದು ಬೀದಿ ಕಡೆಯ ಗೋಡೆಗೆ ಕೂತಳು. ಕಾಕಾ ಅವಳ ಸಾಲಿನ ಮುಂದೆ ಕೂತರು. ಎದುರಿಗೆ ಅವರ ಸ್ವಂತ ಮಕ್ಕಳು. ಛತ್ರಿಯೊಡನೆ ನಾನು ಬಾಗಿಲಲ್ಲಿ.

ಕಾಕಾ ಬಡಿಗೆ ಕುಟ್ಟಿದರು. "ಹೆಣ್ಣಿನ ಕಡಿಂದ ಮಾತಾಡೂರು ಯಾರು?"

"ನಾನ ಅದೀನಲ್ಲ," ಎಂದ ಮಲ್ಲಣ್ಣ. ಸ್ವಲ್ಪ ತಡೆದು, ಅಭ್ಯಾಸವಿಲ್ಲದ ದನಿಯಲ್ಲಿ, "…ರಿ," ಎಂದು ಸೇರಿಸಿದ.

"ನೀವು ಹುಡಗಿ ಅಪ್ಪ. ಅಪ್ಪ ಅನ್ನಾವಾ ಸಿಟ್ಟಾಗತಾನ, ಇಲ್ಲಾ ಅಳತಾನ. ಅದು ನಿಮ್ಮ ಹಕ್ಕು. ನಾ ಕೇಳಿದ್ದು ಹಿರ್ಯಾರನ. ಮನ್ಯಾಗ ಯಾರೂ ಇಲ್ಲೇನು?"

ಮಲ್ಲಣ್ಣ ತಲೆ ಎತ್ತಲಿಲ್ಲ. ಅಂಬ್ರೇಶ ಅಡಿಕೆ ಹೋಳುಗಳನ್ನು ಸುಮ್ಮನೆ ಎಣಿಸುವವನಂತೆ ನೋಡುತ್ತಿದ್ದ. ಈ ಮಾತು ಕೆಟ್ಟರೆ ನೀರು ಕುಡಿದು ಸರಿಮಾಡಲು ಅಲ್ಲಿ ಇನ್ನೊಬ್ಬ ಮುದುಕನಿರಲಿಲ್ಲ.

ಅಡಿಗೆಮನೆಯ ಬಾಗಿಲಿನಿಂದ ಸಂಗೀತಾ ಹೇಳಿದಳು. "ಅದಾರ. ನಮ್ಮ ಹಿರ್ಯಾರು ತಪ್ಪಿ ಆ ಕಡಿ ಕುಂತಾರ. ಅಪ್ಪಾ, ಹೋಗಿ ಕರೀ."

ಮಲ್ಲಣ್ಣ ಎದ್ದ. ತಾಟಿನಿಂದ ಎಲೆ ಅಡಿಕೆ ತೆಗೆದುಕೊಂಡು, ಜಮಖಾನ ದಾಟಿ ಬಂದು, ಬಗ್ಗಿ, ಅಪ್ಪನ ಕೈಗೆ ಇಟ್ಟ. "ನಮ್ಮ ಹಿರ್ಯಾರಾಗಿ ಬಾರಪಾ," ಎಂದ.

"ಕಿವಿ ಜರಾ ಮಂದ ಅದ," ಎಂದರು ಕಾಕಾ.

"ನಮ್ಮ ಹಿರ್ಯಾರಾಗಿ ಬಾ ಅಂದೆ," ಎಂದು ಮಲ್ಲಣ್ಣ ಇಡೀ ಓಣಿಗೆ ಕೇಳುವಂತೆ ಕೂಗಿದ. ಒಲೆಯ ಮುಂದೆ ಕಾಕಿ ಇದ್ದಿದ್ದರೆ ಅವಳಿಗೂ ಕೇಳುತ್ತಿತ್ತು, ಅಷ್ಟು ಗಟ್ಟಿಯಾಗಿ.

"ನಾ ಇವ್ರ ಎಲಿ ತಗೊಂಡ ಬಂದಾವಾ. ದೇವಮ್ಮನ ಕೇಳು."

"ಅರ್ಧಾ ನಮಗ ಬಿಟ್ಟು ಅರ್ಧಾ ನೀವ್ ಒಯ್ರಿ," ಎಂದಳು ದೇವಮ್ಮ.

ಅವರು ಎದ್ದು ನಡುವೆ, ತಾಟಿನ ಪಕ್ಕ ಕೂತರು. ಆಮೇಲಿನ ಮಾತೆಲ್ಲ ಸಲೀಸು. ಮದುವೆಯಾದ ಮೇಲೂ ಸಂಗೀತಾ ಕೆಲಸ ಬಿಡಬಾರದೆಂದು ಹೆಣ್ಣಿನ ಹಿರಿಯರು ಹೇಳಿದರು, ಗಂಡಿನ ಹಿರಿಯರು ತಕ್ಷಣ ಒಪ್ಪಿದರು. ಹುಡುಗನ ಹೆಸರನ್ನು ಒಮ್ಮೆ ತಪ್ಪಿ ಹೇಳಿದರು. ಹುಡುಗ ಅದಕ್ಕೂ "ಹೌದ್ರಿ ಮುತ್ಯಾ," ಎಂದ. ಈ ಸಲ ಯಾರೂ ನಗಲಿಲ್ಲ. ಅಂಬ್ರೇಶ ಹೋಗಿ ಗುಳಿಗೆ ಮತ್ತು ನೀರು ತಂದ. ಕಾಕಾ ಗುಳಿಗೆಯನ್ನು ಎಲ್ಲರೆದುರು, ಪ್ರಸಾದದಂತೆ ನುಂಗಿದರು.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಏನೇ ಮಾತಾದರೂ ಮಂಚದ ಸುತ್ತಲೇ ಆಗತೊಡಗಿತು. ಕಾಕಾ ಅರ್ಧ ಕೇಳಿಸಿಕೊಂಡು ಪೂರ್ತಿ ಅಭಿಪ್ರಾಯ ಕೊಡುತ್ತಿದ್ದರು. ಮಕ್ಕಳು ಅರ್ಧ ಪಾಲಿಸುತ್ತಿದ್ದರು. ಇದಕ್ಕಿಂತ ಒಳ್ಳೆಯ ಸಂಸಾರ ನನಗೆ ಗೊತ್ತಿಲ್ಲ.

ಕೊನೆಯ ಸಲ ನಾನು ನೋಡಲು ಹೋದಾಗ ಅವರಿಗೆ ಮಾತಾಡಿದರೆ ಏದುಸಿರು ಬರುತ್ತಿತ್ತು. ಹತ್ತಿರ ಕರೆದು ನನ್ನ ತಲೆಯ ಮೇಲೆ ಕೈಯಾಡಿಸಿದರು. ಕಪ್ಪು ಹಚ್ಚುವುದನ್ನು ನಾನು ಬಿಟ್ಟು ಕೆಲವು ತಿಂಗಳಾಗಿತ್ತು. ಅರ್ಧ ಬಿಳಿ, ಅರ್ಧ ಇಟ್ಟಿಗೆ ಬಣ್ಣ.

"ಈಗ ಜರಾ ಮನಷ್ಯಾ ಕಂಡಂಗ ಕಾಣಾಕತ್ತಿ," ಎಂದರು. "ಛತ್ರಿ ಇನ್ನ ಯಾರ ಕೈಗರ ಕೊಡು."

ನಮ್ಮ ಕಡೆ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಕಾಕಾನನ್ನು ಹೊಸ ರುಮಾಲು ಸುತ್ತಿ ಗೋಡೆಗೆ ಕೂರಿಸಿದ್ದರು. ಗೋಗಿಯಿಂದ, ಶಿರವಾಳದಿಂದ, ಎಲ್ಲೆಲ್ಲಿಂದಲೋ ಜೋಡಿ ಜೋಡಿಯಾಗಿ ಜನ ಬಂದರು. ಎಲ್ಲ ಅವರು ಕೂತು ಕೂಡಿಸಿದ ಜೋಡಿಗಳು. ಎರಡೂ ಗೋಡೆಗಳು ತುಂಬಿದವು.

ಮೊನ್ನೆ ಸಂಗೀತಾ ಸುರಪುರದಿಂದ ಬಂದಿದ್ದಳು, ಅತ್ತೆಯ ಜೊತೆ. ನನ್ನ ಹೆಂಡತಿಗೆ ಕೇಳುವಂತೆ ಗಟ್ಟಿಯಾಗಿ ನನ್ನನ್ನು ಕರೆದು ಎಲೆ ಅಡಿಕೆ ಕೈಗಿಟ್ಟಳು. ನಾದಿನಿಯ ಮಾತುಕತೆ. ನನಗೆ ಆಗುವುದಿಲ್ಲವೆಂದೆ. "ಆಗತದ ಕಾಕಾ. ಬರೇ ಕುಂದ್ರೂದು," ಎಂದಳು ದೇವಮ್ಮ.

ಹೋದೆ. ಅಡಿಗೆಮನೆ ಕಡೆಯ ಗೋಡೆಗೆ ಕೂತೆ. ಸ್ವಲ್ಪ ಹೊತ್ತಿಗೆ ಎದುರಿನ ಸಾಲಿನಲ್ಲಿ ಯಾರೋ ಒಂದು ಮಾತು ಜೋರಾಗಿ ಅಂದರು. ನಮ್ಮ ಕಡೆಯ ಹುಡುಗನೊಬ್ಬ ಅದಕ್ಕಿಂತ ಜೋರಾಗಿ ಇನ್ನೊಂದು ಅಂದ. ಆಮೇಲೆ ಎಲ್ಲರೂ ಒಟ್ಟಿಗೆ ಒಂದೇ ಕಡೆ ನೋಡತೊಡಗಿದರು. ಅಲ್ಲಿ ಯಾರಿದ್ದಾರೆಂದು ನಾನೂ ತಿರುಗಿ ನೋಡಿದೆ. ನನ್ನ ಹಿಂದೆ ಗೋಡೆಯೊಂದೇ ಇತ್ತು.

"ಯವ್ವಾ ಸಂಗೀತಾ," ಎಂದೆ, "ಒಂದ್ ತಂಬಿಗಿ ನೀರ್ ತಾ."